ಮಾಮಲೇದಾರನ ತಪಾಸಣೆ

ಪ್ರಾಣಿಗಳಿಗೆ ಮೂಕಪ್ರಾಣಿ ಎಂದು ಮೊದಲು ಹೆಸರಿಟ್ಟವರು ಯಾರೋ ನನಗೆ ಗೊತ್ತಿಲ್ಲ. ಯಾರೇ ಇರಲಿ, ಅವರು ಪ್ರಾಣಿಯ ಎದುರಿಗೆ ನಿಂತು ಸುಳ್ಳು ಹೇಳಿದವರಲ್ಲ. ನಾನು ಹೇಳಿದ್ದೇನೆ. ಮನುಷ್ಯರಿಗೆ ಹೇಳಿದ ಸುಳ್ಳನ್ನು ಮನುಷ್ಯರು ಮರೆಯುತ್ತಾರೆ, ಇಲ್ಲವೇ ನಮ್ಮ ಮುಖ ನೋಡಿ ಮರೆತಂತೆ ಮಾಡುತ್ತಾರೆ. ಪ್ರಾಣಿಗಳಿಗೆ ಆ ದಾಕ್ಷಿಣ್ಯ ಇಲ್ಲ. ನನ್ನ ಬಾಳಿನ ದೊಡ್ಡ ಸುಳ್ಳನ್ನು ಹೊರಗೆ ಹಾಕಿದ್ದು ಒಂದು ತಟ್ಟು ಕುದುರೆ, ಅದೂ ಒಂದು ಮಾತನ್ನೂ ಆಡದೆ.

ಆ ತಟ್ಟು ನನ್ನದಲ್ಲ, ನಮ್ಮ ಅಣ್ಣನದು. ಅಣ್ಣ ಜಮಖಂಡಿಯಲ್ಲಿ ಟಾಂಗಾ ಹೊಡೆಯುತ್ತಿದ್ದ. ಕುದುರೆಗೆ ಅವನು ಇಟ್ಟ ಹೆಸರು ಮಾಮಲೇದಾರ, ಈಗಿನವರು ತಹಶೀಲ್ದಾರ ಎನ್ನುವ ಸಾಹೇಬರ ಹೆಸರು. ಹನ್ನೊಂದು ಹೊಡೆಯುವ ಮೊದಲು ಅದು ಮನಸ್ಸಿಟ್ಟು ಕೆಲಸ ಮಾಡಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. ಎದುರಿಗೆ ಯಾರು ಬಂದರೂ ಮೊದಲು ಅವರ ಕೈ ನೋಡುತ್ತಿತ್ತು, ಆಮೇಲೆ ಮುಖ ನೋಡುತ್ತಿತ್ತು. ಹೀಗಾಗಿ ಹೆಸರಿನ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಅಣ್ಣ ಎರಡನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಟಾಂಗಾ ಹಿಡಿದದ್ದು ನಾನು ಓದಲಿ ಎಂದು. ನನ್ನನ್ನು ಮುಂದಿನ ಹಲಗೆಯ ಮೇಲೆ ತನ್ನ ಮೊಣಕಾಲುಗಳ ನಡುವೆ ಕೂಡಿಸಿಕೊಂಡು ಶಾಲೆಗೆ ಬಿಡುತ್ತಿದ್ದ. ಸಂದಿಯಲ್ಲಿ ಜನ ಅಡ್ಡ ಬಂದರೆ ಉಳಿದ ಟಾಂಗಾದವರ ಹಾಗೆ ಬಾಯಿ ಮಾಡುತ್ತಿರಲಿಲ್ಲ. ಚಾಬೂಕಿನ ಕಟ್ಟಿಗೆಯ ಹಿಡಿಕೆಯನ್ನು ತಿರುಗುವ ಗಾಲಿಯ ಕಡ್ಡಿಗಳಿಗೆ ತಾಗಿಸುತ್ತಿದ್ದ. ಟರ್ರರ್ ಎಂದು ಸಪ್ಪಳವಾಗುತ್ತಿತ್ತು. ಜನ ಸರಿಯುತ್ತಿದ್ದರು, ಕುದುರೆ ಕಿವಿ ನಿಮಿರಿಸುತ್ತಿತ್ತು. ನಾಲ್ಕು ವರ್ಷ ಆ ಸಪ್ಪಳದ ಮೇಲೆ ಕುಳಿತು ರಾಜನ ಹಾಗೆ ಶಾಲೆಗೆ ಹೋದ ನಾನು ಐದನೆಯದಕ್ಕೆ ಶಾಲೆ ಬಿಟ್ಟೆ. ಮಾಸ್ತರರು ಹೊಡೆಯುತ್ತಾರೆ ಎಂದು ಅಣ್ಣನಿಗೆ ಹೇಳಿದೆ. ಪಾಪ, ಆ ಮಾಸ್ತರರು ಒಂದು ದಿನವೂ ಯಾರ ಮೇಲೂ ಕೈ ಎತ್ತಿದವರಲ್ಲ.

ಆಮೇಲೆ ನಾನು ಬನಹಟ್ಟಿಗೆ ಬಂದು ವಿದ್ಯುತ್ ಮಗ್ಗದ ಕೆಲಸಕ್ಕೆ ನಿಂತೆ. ಮದುವೆ ಆಗಲಿಲ್ಲ. ಅದಕ್ಕೆ ಕಾರಣ ಹೇಳಹೊರಟರೆ ಇನ್ನೂ ನಾಲ್ಕು ಸುಳ್ಳು ಹೇಳಬೇಕಾದೀತು, ಬಿಡಿ. ಮಗ್ಗದ ಶೆಡ್ಡಿಗೆ ಹತ್ತಿದ ಒಂದು ಕೋಣೆಯಲ್ಲಿ ಇರುತ್ತೇನೆ. ಇಪ್ಪತ್ತು ವರ್ಷ ನಾಲ್ಕು ಮಗ್ಗಗಳ ನಡುವೆ ನಿಂತ ಕಿವಿ ಒಂದು ತರಹದ್ದಾಗುತ್ತದೆ. ಅಷ್ಟು ಗದ್ದಲದಲ್ಲಿ ಒಂದು ಎಳೆ ಹರಿದರೆ ನನಗೆ ತಿಳಿಯುತ್ತದೆ. ಎದುರಿಗೆ ಕುಳಿತು "ಊಟ ಆತೇನು?" ಎಂದರೆ ತಿಳಿಯುವುದಿಲ್ಲ. ಹಾಗೆ ಕೇಳುವವರೂ ಈಗೀಗ ಇಲ್ಲವಾದ್ದರಿಂದ ಹೇಳಿಕೊಳ್ಳುವಂಥ ತೊಂದರೆಯೇನೂ ಆಗಿಲ್ಲ.

ಜಮಖಂಡಿಯಲ್ಲಿ ಆಟೋಗಳು ತುಂಬಿ ಟಾಂಗಾಗಳು ಮೂರೋ ನಾಲ್ಕೋ ಉಳಿದಿದ್ದ ಕಾಲಕ್ಕೆ ಅಣ್ಣ ಟಾಂಗಾದಿಂದ ಇಳಿಯುವಾಗ ಕಾಲು ಜಾರಿ ಬಿದ್ದ. ಎಡಗಾಲಿನ ಎಲುಬು ಮುರಿಯಿತು. ಎರಡು ತಿಂಗಳು ಪ್ಲಾಸ್ಟರ್ ಎಂದರು. ನೋಡಲು ಹೋದ ನನ್ನ ಕೈಗೆ ಅವನು ಹಗ್ಗ ಕೊಟ್ಟ. "ತಮ್ಮಾ, ಎರಡ ತಿಂಗಳ ಮಾಮಲೇದಾರನ ನಿನ್ನ ಕಡೆ ಇಟಗೋ. ಮುಂದಿನ ಬಲಗಾಲ ಗೊರಸ ನಾಜೂಕ ಐತಿ. ಹಸೀ ನೆಲದಾಗ ನಿಂದರಸಬ್ಯಾಡ" ಎಂದ. "ನೀ ಏನೂ ಚಿಂತಿ ಮಾಡಬ್ಯಾಡಣ್ಣಾ, ನನ್ನ ಜೀವದಾಂಗ ನೋಡಕೋತೇನಿ" ಎಂದೆ. ನನ್ನ ಜೀವವನ್ನು ನಾನು ಹೇಗೆ ನೋಡಿಕೊಂಡಿದ್ದೇನೆ ಎಂಬುದು ಅಣ್ಣನಿಗೆ ಗೊತ್ತಿತ್ತು. ಅವನು ಆಗಲೇ ಎಚ್ಚರಾಗಬೇಕಿತ್ತು.

ಹತ್ತೊಂಬತ್ತು ದಿನ ನೋಡಿಕೊಂಡೆ. ನಸುಕಿನಲ್ಲಿ ಎದ್ದು ಹುಲ್ಲು ತರಬೇಕು, ಲದ್ದಿ ಬಳಿಯಬೇಕು, ಆಮೇಲೆ ಮಗ್ಗಕ್ಕೆ ನಿಲ್ಲಬೇಕು. ಮಗ್ಗ ಸುರುವಾದರೆ ಅದು ಹೆದರಿ ಗೋಡೆ ಒದೆಯುತ್ತಿತ್ತು. ಮಗ್ಗ ನಿಂತರೆ, ಯಾಕೆ ನಿಂತಿತು ಎಂದು ಒದೆಯುತ್ತಿತ್ತು. ಹತ್ತೊಂಬತ್ತನೆಯ ದಿನ ಹಗ್ಗ ಬಿಚ್ಚಿಕೊಂಡು ಓಣಿಗೆ ಇಳಿದು, ಬಣ್ಣ ಹಾಕಿ ಒಣಗಲು ಬಿದಿರಿನ ಗಳಕ್ಕೆ ತೂಗುಹಾಕಿದ್ದ ಕೆಂಪು ನೂಲಿನ ನಡುವೆ ನಡೆದು ಹೋಯಿತು. ಮತ್ತೆ ಹೊರಗೆ ಬಂದಾಗ ಕಿವಿಯಿಂದ ಬಾಲದ ತನಕ ಕೆಂಪಗಾಗಿತ್ತು. ನೂಲಿನ ಮಾಲಕರು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನೋ ಈರಪ್ಪಾ, ಮಾಮಲೇದಾರನ ಲಗ್ನ ಇಟಗೊಂಡಿ ಏನು? ನಮಗ ಹೇಳಲೇ ಇಲ್ಲಲ್ಲ" ಎಂದರು. ಓಣಿ ಎಲ್ಲ ನಕ್ಕಿತು. ನಾನೊಬ್ಬನೇ ನಗಲಿಲ್ಲ, ಕುದುರೆಯೂ ನಗಲಿಲ್ಲ.

ಮರುದಿನವೇ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಇಳಿಸಿ ಖಾಲಿ ಹೊರಟಿದ್ದ ಒಂದು ಟ್ರ್ಯಾಕ್ಟರಿನ ಟ್ರೇಲರಿಗೆ ಮಾಮಲೇದಾರನನ್ನು ಹತ್ತಿಸಿದೆ. ಅದು ಟ್ರೇಲರಿನಲ್ಲಿ ಉಳಿದಿದ್ದ ಕಬ್ಬಿನ ಒಣಗರಿಯ ರವದಿ ತಿನ್ನುತ್ತ ಬಹಳ ಖುಷಿಯಿಂದ ಬಂತು. ಬೀಳಗಿ ಕಡೆ ಹಿನ್ನೀರಿನ ದಂಡೆಗೆ ಒಂದು ದೊಡ್ಡ ಹುಲ್ಲುಗಾವಲು ಇದೆ. ಅಣೆಕಟ್ಟಿನ ನೀರು ನಿಂತ ಮೇಲೆ ಊರುಗಳು ಎದ್ದು ಹೋದ ಜಾಗ. ಹಕ್ಕಿಗಳಿಗಾಗಿ ಅದನ್ನು ಅರಣ್ಯ ಇಲಾಖೆಯವರು ಕಾಯ್ದಿಟ್ಟಿದ್ದರು. ಯಾರಿಗೂ ಬೇಡವಾದ ತಟ್ಟುಗಳು ಅಲ್ಲಿ ಮೇಯುತ್ತವೆ ಎಂದು ಕೇಳಿದ್ದೆ. ಹೌದು, ಹತ್ತು ಇದ್ದವು. ನಾನು ಹಗ್ಗ ಬಿಚ್ಚಿದೆ. ಮಾಮಲೇದಾರ ಮೊದಲು ನನ್ನ ಕೈ ನೋಡಿತು. ಏನೂ ಇರಲಿಲ್ಲ. ಆಮೇಲೆ ಮುಖ ನೋಡಿತು. ಅಲ್ಲಿಯೂ ಏನೂ ಸಿಕ್ಕಿರಲಿಕ್ಕಿಲ್ಲ.

ಅಣ್ಣನಿಗೆ ಏನು ಹೇಳಬೇಕು ಎಂಬುದನ್ನು ಬಸ್ಸಿನಲ್ಲಿಯೇ ಜೋಡಿಸಿಕೊಂಡೆ. ಹಗ್ಗ ಹರಿದುಕೊಂಡು ಓಡಿತು ಎಂದು ಹೇಳುವುದು. ಹೇಳಿದರೆ ಸಾಲದು, ಹರಿದ ಹಗ್ಗ ತೋರಿಸಬೇಕು. ಕೋಣೆಯಲ್ಲಿ ಕುಳಿತು ಕಲ್ಲಿನ ಮೇಲೆ ಹಗ್ಗ ತಿಕ್ಕಿ ತಿಕ್ಕಿ ಹರಿದೆ. ಇಷ್ಟು ಶ್ರದ್ಧೆಯಿಂದ ನಾಲ್ಕನೆಯ ಇಯತ್ತೆಯಲ್ಲಿ ಲೆಕ್ಕ ಮಾಡಿದ್ದರೆ ಇವತ್ತು ಎಲ್ಲಿಯೋ ಇರುತ್ತಿದ್ದೆ. ಅಣ್ಣ ಹಾಸಿಗೆಯಲ್ಲಿ ಎದ್ದು ಕುಳಿತು ಆ ಹಗ್ಗದ ತುದಿಯನ್ನು ಬಹಳ ಹೊತ್ತು ನೋಡಿದ. "ಗಟ್ಟಿ ಹಗ್ಗ ಇತ್ತಲೇ ಇದು" ಎಂದ. ಅಷ್ಟೇ. ನನಗೆ ಬಹಳ ಹಗುರಾಯಿತು. ಒಂದು ತಾಸು ಇರಬಹುದು, ಹಗುರಾಗಿಯೇ ಇತ್ತು.

ಪ್ಲಾಸ್ಟರ್ ತೆಗೆದ ಮೇಲೆ ಅಣ್ಣ, "ನಡಿ, ಹುಡಕೂನು" ಎಂದ. ಮೂರು ಸೋಮವಾರ, ನನ್ನ ಮಗ್ಗದ ರಜೆಯ ದಿನ, ಇಬ್ಬರೂ ಹುಡುಕಲು ಹೋದೆವು. ಮುಧೋಳದ ಸಂತೆ, ತಿಮ್ಮಾಪುರದ ಹಾದಿ, ರಬಕವಿಯ ಹೊಳೆದಂಡೆ. ಅಣ್ಣ ಕೋಲೂರಿ ಕುಂಟುತ್ತ ಸಿಕ್ಕವರನ್ನೆಲ್ಲ, "ಬಿಳೀ ತಟ್ಟ ನೋಡೀರೇನ್ರಿ? ಎಡಗಿವಿ ಸೀಳೈತಿ" ಎಂದು ಕೇಳುತ್ತಿದ್ದ. ನಾನು ಹಿಂದೆ ನಿಂತು, "ಹೌದ್ರಿ, ಎಡಗಿವಿ" ಎನ್ನುತ್ತಿದ್ದೆ. ಬರೀ ಇಷ್ಟೇ ಮಾಡಿದ್ದರೂ ಕ್ಷಮಿಸಬಹುದಿತ್ತು. ನಾನು ಮುಂದೆ ಬಿದ್ದು, "ಅಣ್ಣಾ, ಆ ಗುಡ್ಡದ ಆಚೀಕ ನೋಡೂನೇನು?" ಎಂದು ಅವನನ್ನು ಗುಡ್ಡ ಹತ್ತಿಸಿದೆ. ಮೇಲೆ ಕುಳಿತು ಅವನು ನನಗೆ ರೊಟ್ಟಿ ಮುರಿದು ಕೊಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. "ಏನರೆ ಹೇಳೂದೈತೇನು?" ಎಂದು ಕೇಳಿದ. "ಚಟ್ನಿಗೆ ಉಪ್ಪ ಕಡಿಮಿ ಆಗೇತಿ" ಎಂದೆ.

ನಾಲ್ಕನೆಯ ಸೋಮವಾರ ಅಣ್ಣ ಕರೆಯಲಿಲ್ಲ. ಕೋಣೆಯಲ್ಲಿ ಕೂರಲು ಆಗಲಿಲ್ಲ. ಅದು ಬದುಕಿದೆಯೋ ಇಲ್ಲವೋ ಒಮ್ಮೆ ನೋಡಿ ಬರೋಣ ಎಂದು ಬಸ್ಸು ಹತ್ತಿದೆ. ಕ್ರಾಸಿಗೆ ಇಳಿದು, ಅಲ್ಲಿಯ ಮುದುಕನ ಅಂಗಡಿಯಲ್ಲಿ ಬಾಡಿಗೆ ಸೈಕಲ್ ಹಿಡಿದು ಹುಲ್ಲುಗಾವಲಿಗೆ ಹೋದೆ. ಮಾಮಲೇದಾರ ಬದುಕಿತ್ತು. ಬಣ್ಣ ಅರ್ಧ ಹೋಗಿ ಗುಲಾಬಿಯಾಗಿತ್ತು. ನೋಡುತ್ತ ನಿಂತಾಗ ಹಿಂದಿನಿಂದ ಒಬ್ಬ ಹೆಣ್ಣುಮಗಳು, ಕೊರಳಲ್ಲಿ ದುರ್ಬೀನು, "ನೀವೂ ಕುದುರಿ ತಪಾಸಣಿಗೆ ಬಂದೀರೇನ್ರಿ?" ಎಂದು ಕೇಳಿದರು. ಖರೆ ಹೇಳುವುದಕ್ಕಿಂತ ಹೂಂ ಎನ್ನುವುದು ಹಗುರ. "ಹೂಂ ರೀ" ಎಂದೆ. ಹೀಗೆ ನಾನು ಸ್ವಯಂಸೇವಕನಾದೆ.

ಅವರು ಅಲ್ಲಿಯ ಸಮೀಪದ ಶಾಲೆಯ ಅಕ್ಕೋರು. ರಜೆ ಸಿಕ್ಕಾಗೆಲ್ಲ ಹಕ್ಕಿ ನೋಡಲು ಬರುತ್ತಿದ್ದರು. ತಟ್ಟುಗಳನ್ನು ಅಲ್ಲಿಂದ ಓಡಿಸಬೇಕು ಎಂಬ ಮಾತು ಬಂದಿತ್ತಂತೆ. ಅವು ಮೇಯ್ದು ಹುಲ್ಲು ಗಿಡ್ಡವಾದ ಕಡೆಗೇ ಕೆಲವು ಹಕ್ಕಿಗಳು ಇಳಿಯುತ್ತವೆ ಎಂದು ಅಕ್ಕೋರು ತೋರಿಸಿಕೊಟ್ಟ ಮೇಲೆ, ಇರಲಿ, ಆದರೆ ವಾರಕ್ಕೊಮ್ಮೆ ಯಾರಾದರೂ ಅವುಗಳ ಆರೋಗ್ಯ ನೋಡಿ ಬರೆದಿಡಬೇಕು ಎಂದು ಇಲಾಖೆಯವರು ಒಪ್ಪಿದರಂತೆ. ಕಾವಲುಗಾರನ ಗುಡಿಸಲಿನಲ್ಲಿ ಒಂದು ದಪ್ಪ ವಹಿ ಇಟ್ಟಿದ್ದರು. ಅದರಲ್ಲಿ ಪ್ರಶ್ನೆಗಳು. ಕಣ್ಣು ಸ್ವಚ್ಛ ಇದೆಯೇ? ಪಕ್ಕೆಲುಬು ಎದ್ದು ಕಾಣುತ್ತವೆಯೇ? ಕುಂಟುತ್ತಿದೆಯೇ? ಲದ್ದಿ ಹೇಗಿದೆ? ಗುಂಪಿನಿಂದ ದೂರ ನಿಂತಿದೆಯೇ? ಕೊನೆಯದನ್ನು ಅಕ್ಕೋರು ಬೆರಳಿಟ್ಟು ತೋರಿಸಿದರು. "ಇದು ಭಾಳ ಮುಖ್ಯ ನೋಡ್ರಿ. ಜಡ್ಡಾದದ್ದು ಮೊದಲ ಗುಂಪ ಬಿಡತೈತಿ. ಹಂಗ ದೂರ ನಿಂತದ್ದ ಕಂಡ್ರ ಎಂಟ ದಿನದಾಗ ಮತ್ತ ಬಂದ ನೋಡಾಕಬೇಕು" ಎಂದರು. ಇನ್ನೊಂದು ನಿಯಮವಿತ್ತು. ಕುದುರೆಗಳಿಗೆ ತಿನ್ನಲು ಏನನ್ನೂ ಕೊಡಬಾರದು.

ಆರು ಮಂದಿ ಹೆಸರು ಕೊಟ್ಟಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕೋರು ಮತ್ತು ನಾನು ಉಳಿದೆವು. ಪ್ರತಿ ಸೋಮವಾರ ಹೋದೆ. ಲದ್ದಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಯೋಚನೆ ಮಾಡಿ ಉತ್ತರ ಬರೆದೆ. ವಾರವೆಲ್ಲ ಯಾರೊಂದಿಗೂ ಆಡದ ಮಾತನ್ನು ಮಾಮಲೇದಾರನೊಂದಿಗೆ ಆಡಿದೆ. ಅದು ಮೊದಮೊದಲು ಹತ್ತಿರ ಬರಗೊಡಲಿಲ್ಲ. ಕೈಯಲ್ಲಿ ಏನೂ ಇಲ್ಲದವರನ್ನು ಅದು ಯಾವತ್ತೂ ಹತ್ತಿರ ಬರಗೊಟ್ಟದ್ದಿಲ್ಲ. ನನ್ನ ಹತ್ತಿರ ಸೈಕಲ್ ಇತ್ತು, ಕೋಲು ಇತ್ತು, ಗಾಲಿಯ ಕಡ್ಡಿಗೆ ತಾಗಿಸಿದ್ದರೆ ಓಡಿ ಬರುತ್ತಿತ್ತೇನೋ. ಆದರೆ ಆ ಸಪ್ಪಳ ಅಣ್ಣನದು. ನನ್ನ ಕೈ ಏಳಲಿಲ್ಲ. ಬದಲಿಗೆ ಕಿಸೆಯಲ್ಲಿ ಬೆಲ್ಲದ ಹೆಂಟೆ ಇಟ್ಟುಕೊಂಡು ಹೋದೆ. ನಿಯಮ ಮುರಿದದ್ದು ಹೌದು. ಆದರೆ ಮಾಮಲೇದಾರನ ಹತ್ತಿರ ಬರಿಗೈಯಲ್ಲಿ ಹೋಗಿ ಕೆಲಸ ಮಾಡಿಸಿಕೊಂಡವರನ್ನು ನನಗೆ ತೋರಿಸಿರಿ.

ಆರು ತಿಂಗಳು ಹೀಗೆ ನಡೆಯಿತು. ಒಂದು ಸೋಮವಾರ ಬೆಳಗ್ಗೆ ಅಣ್ಣ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ. "ಬೀಳಗಿ ಕಡೆ ಹಿನ್ನೀರಿನ್ಯಾಗ ಟಾಂಗಾದ ಕುದುರಿ ಅದಾವಂತ. ನಡಿ" ಎಂದ. "ಅಲ್ಲೇನೈತಣ್ಣಾ, ಬರೇ ಹಕ್ಕಿ" ಎಂದೆ. "ನಿನಗ ಹ್ಯಾಂಗ ಗೊತ್ತು?" ಎಂದ. ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಕ್ರಾಸಿನಲ್ಲಿ ಇಳಿದ ಕೂಡಲೇ ಸೈಕಲ್ ಅಂಗಡಿಯ ಮುದುಕ, "ಬಾ ಈರಪ್ಪಾ, ನಿನ್ನ ಸೈಕಲ್ಲಿಗೆ ಹವಾ ಹಾಕಿ ಇಟ್ಟೇನಿ" ಎಂದು ಕೂಗಿದ. ನಾನು ಅಣ್ಣನ ಕಡೆ ತಿರುಗಿ, "ಮುದುಕಗ ಕಣ್ಣ ಕಾಣೂದಿಲ್ಲ. ಯಾರೋ ಅಂತ ತಿಳದಾನ" ಎಂದೆ. ಮುದುಕ ನನ್ನ ಹೆಸರು ಹಿಡಿದು ಕೂಗಿದ್ದ. ಅಣ್ಣ ಸೈಕಲ್ಲಿನ ಹಿಂದೆ ಕುಳಿತ.

ಹುಲ್ಲುಗಾವಲಿನಲ್ಲಿ ಕುದುರೆಗಳು ದೂರ ನೀರಿನ ಅಂಚಿಗೆ ಇದ್ದವು. ಅಣ್ಣ ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಕೈಯಿಂದ ಪೆಡಲ್ ತಿರುಗಿಸಿ, ಹಿಂದಿನ ಗಾಲಿಗೆ ಕೋಲು ತಾಗಿಸಿದ. ಟರ್ರರ್. ಹನ್ನೊಂದೂ ತಟ್ಟುಗಳು ಒಮ್ಮೆಲೇ ತಲೆ ಎತ್ತಿದವು. ಯಾವ ಊರಿನ ಟಾಂಗಾದವೋ, ಯಾರ ಮನೆಯವೋ, ಎಲ್ಲವೂ ಓಡಿ ಬಂದವು. ಮುಂದೆ ಮಾಮಲೇದಾರ. ಅಣ್ಣ ಎರಡೂ ಕೈ ಚಾಚಿದ. ಅದು ಅವನ ಕೈ ಮೂಸಿತು, ಹೆಗಲಿಗೆ ಮುಖ ತಿಕ್ಕಿತು. ನನ್ನ ಕಣ್ಣು ತುಂಬಿದವು. ಇನ್ನೇನು ಪಾರಾದೆ ಎನ್ನುವಷ್ಟರಲ್ಲಿ ಅದು ಅಣ್ಣನನ್ನು ಬಿಟ್ಟು ನೇರ ನನ್ನ ಹತ್ತಿರ ಬಂದು, ನನ್ನ ಬಲಗಿಸೆಯಲ್ಲಿ ಮೂತಿ ಇಟ್ಟು, ಒಳಗಿನ ಬೆಲ್ಲ ತೆಗೆದುಕೊಂಡು, ನಿಂತು ತಿನ್ನಹತ್ತಿತು.

ಅದು ತಿಂದು ಮುಗಿಸುವ ತನಕ ಅಣ್ಣ ನನ್ನ ಕಿಸೆಯನ್ನೇ ನೋಡಿದ. ಆಮೇಲೆ, "ಹಗ್ಗಾ ಹರಕೊಂಡ ಓಡಿದ ಕುದುರಿಗೆ ನಿನ್ನ ಕಿಸೆ ಗೊತ್ತೈತಲ್ಲಲೇ" ಎಂದ. ನಾನು ನೆಲ ನೋಡಿದೆ. "ಆ ಹಗ್ಗದ ತುದಿ ನೋಡಿದ ದಿನಾನ ತಿಳೀತು ನನಗ. ಹರದ ಹಗ್ಗದ ತುದಿ ಯಾರರ ಉಗುಳ ಹಚ್ಚಿ ಹೊಸದ ಇಡ್ತಾರೇನು?" ಎಂದ.

ನೋಡಿ, ಇಪ್ಪತ್ತು ವರ್ಷದ ಕೈ. ಎಳೆ ಹರಿದರೆ ಬೆರಳಿಗೆ ಉಗುಳು ಹಚ್ಚಿ ತುದಿ ಹೊಸೆದು ಜೋಡಿಸುವುದು ನಮ್ಮ ಕಸುಬು. ಅಷ್ಟು ಕಷ್ಟಪಟ್ಟು ಹಗ್ಗ ಹರಿದು, ಮನಸ್ಸು ಎಲ್ಲಿಯೋ ಇದ್ದಾಗ ನನ್ನ ಬೆರಳುಗಳು ಅದರ ತುದಿಯನ್ನು ಚೆಂದಾಗಿ ಹೊಸೆದು ಇಟ್ಟಿದ್ದವು. ಜಗತ್ತಿನಲ್ಲಿ ಬೇರೆ ಯಾವ ಕಳ್ಳನೂ ಇಷ್ಟು ಅಚ್ಚುಕಟ್ಟಾಗಿ ಸಿಕ್ಕಿಬಿದ್ದಿರಲಿಕ್ಕಿಲ್ಲ. "ಮತ್ತ... ಹುಡಕಾಕ ಯಾಕ ಕರದಿ?" ಎಂದು ಕೇಳಿದೆ. "ಮೂರ ಸೋಮವಾರ ನಿನ್ನ ಕರಕೊಂಡ ಅಡ್ಡಾಡಿದ್ದು ಕುದುರಿ ಸಲುವಾಗಿ ಅಲ್ಲ. ಇವತ್ತ ಹೇಳ್ಯಾನು, ನಾಳೆ ಹೇಳ್ಯಾನು ಅಂತ" ಎಂದ. ಆಮೇಲೆ ಮಾಮಲೇದಾರನ ಬಲಗಾಲು ಎತ್ತಿ ಗೊರಸು ನೋಡಿದ. ಕೊರಳಲ್ಲಿ ಪಟ್ಟಿಯ ಗಾಯ ಇದ್ದಲ್ಲಿ ಕೂದಲು ಬಂದಿತ್ತು. ಅಲ್ಲಿ ಕೈ ಆಡಿಸಿ, ಕುದುರೆಗೆ ಮಾತ್ರ, "ಇರು ಇಲ್ಲೇ. ಛಲೋ ಐತಿ" ಎಂದು ಹೇಳಿ, ನಡೆದುಕೊಂಡೇ ಕ್ರಾಸಿಗೆ ಹೋದ. ಕುದುರೆಗೆ ಒಳ್ಳೆಯದಾಯಿತಲ್ಲ ಎಂದು ನೀವು ನನ್ನನ್ನು ಸಮಾಧಾನ ಮಾಡಬಹುದು. ನಾನು ಅದನ್ನು ಬಿಟ್ಟದ್ದು ಅದರ ಒಳ್ಳೆಯದಕ್ಕಲ್ಲ, ನನ್ನ ಬೆಳಗಿನ ನಿದ್ದೆಗೆ.

ಅಂದಿನಿಂದ ಅಣ್ಣ ನನ್ನೊಂದಿಗೆ ಮಾತು ಬಿಟ್ಟ. ಹಬ್ಬಕ್ಕೆ ಹೋದರೆ ಅಣ್ಣನ ಹೆಂಡತಿ, ನಮ್ಮ ವೈನಿ, ಇಬ್ಬರಿಗೂ ಬಡಿಸುತ್ತಿದ್ದರು. "ಅವಗ ಹೋಳಿಗಿ ಬೇಕೇನ ಕೇಳು" ಎಂದು ಅಣ್ಣ. "ಸಾಕಂತ ಹೇಳ್ರಿ ವೈನಿ" ಎಂದು ನಾನು. "ನಾ ಏನ ಟಪಾಲಿನಾಕೀನು?" ಎಂದು ವೈನಿ ಹೋಳಿಗೆಯ ತಾಟನ್ನು ನಮ್ಮ ನಡುವೆ ಇಟ್ಟು ಒಳಗೆ ಹೋದರು. ಇಬ್ಬರೂ ಮುಟ್ಟಲಿಲ್ಲ. ಇಷ್ಟು ಒಳ್ಳೆಯ ಹೋಳಿಗೆ ನಾನು ಮತ್ತೆಂದೂ ತಿನ್ನದೆ ಬಿಟ್ಟಿಲ್ಲ.

ಎರಡು ತಿಂಗಳ ಮೇಲೆ ಒಂದು ಸೋಮವಾರ ಗುಡಿಸಲಿನ ವಹಿ ತೆಗೆದರೆ ಗುರುವಾರದ ಪುಟ ತುಂಬಿತ್ತು. ಎರಡನೆಯ ಇಯತ್ತೆಯ ಅಕ್ಷರ, ಒಂದೊಂದೂ ಎತ್ತಿನಷ್ಟು ದೊಡ್ಡದು. ಅಣ್ಣನ ಸಹಿ. ಅವನೂ ಹೆಸರು ಕೊಟ್ಟಿದ್ದ, ನನ್ನ ದಿನ ಬಿಟ್ಟು. ಕೆಳಗೆ ಷರಾ ಎಂಬ ಕಡೆ ಬರೆದಿದ್ದ: "ಮಾಮಲೇದಾರನ ಬಾಯಿ ಬೆಲ್ಲದ ವಾಸನಿ ಬರತೈತಿ. ಸೋಮವಾರ ಬರೂವರು ನಿಯಮ ಓದಬೇಕು." ನಾನು ಕೆಳಗೆ, "ಓದಿದ್ದೇನೆ" ಎಂದು ಬರೆದೆ. ಮುಂದಿನ ಗುರುವಾರ: "ಓದಿದರ ಸಾಲೂದಿಲ್ಲ." ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ನಾಲ್ಕು ಸಲ ಓದಿದೆ. ಆಮೇಲಿನ ವಾರಗಳಲ್ಲಿ ಮೊದಲು ವಹಿ ನೋಡಿ ಆಮೇಲೆ ಕುದುರೆ ನೋಡುತ್ತಿದ್ದೆ. ಷರಾ ಇಲ್ಲದ ವಾರ ಅಡಿಗೆ ಮಾಡಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ.

ಹೀಗೆ ಐದಾರು ತಿಂಗಳಾದ ಮೇಲೆ ಒಂದು ಸೋಮವಾರ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಎಲ್ಲ ಪ್ರಶ್ನೆಗೂ ಉತ್ತರ ಬರೆದು, ಷರಾ ಎಂಬಲ್ಲಿ ಹೀಗೆ ಬರೆದೆ: "ಈ ಕುದುರೆ ಓಡಿ ಬಂದದ್ದಲ್ಲ. ನಾನೇ ತಂದು ಬಿಟ್ಟದ್ದು. ಕೇಳಿದಾಗ ಹೇಳಲಿಲ್ಲ. ಚಟ್ನಿಗೆ ಉಪ್ಪು ಸರಿಯಾಗಿಯೇ ಇತ್ತು. ತಪ್ಪಾಯಿತು." ಜಾಗ ಸಾಲದೆ ಕೊನೆಯ ಶಬ್ದ ಲದ್ದಿಯ ಕಾಲಮ್ಮಿಗೆ ಹೋಯಿತು. ಅಕ್ಕೋರು ಓದುತ್ತಾರೆ, ಕಾವಲುಗಾರ ಓದುತ್ತಾನೆ. ಓದಲಿ ಎಂದು ಸಹಿ ಮಾಡಿದೆ.

ಮುಂದಿನ ವಾರ ಸೈಕಲ್ಲಿನಿಂದ ಇಳಿದವನೇ ಗುರುವಾರದ ಪುಟ ತೆಗೆದೆ. ಷರಾ ಖಾಲಿ ಇತ್ತು. ಪುಟ ಮುಚ್ಚುವಾಗ ಕಣ್ಣಿಗೆ ಬಿತ್ತು. ಗುಂಪಿನಿಂದ ದೂರ ನಿಂತಿದೆಯೇ ಎಂಬ ಪ್ರಶ್ನೆಗೆ ಪ್ರತಿ ವಾರ ಇಲ್ಲ ಎಂದು ಬರೆಯುತ್ತಿದ್ದ ಅಣ್ಣ ಈ ಸಲ ಬರೆದಿದ್ದ: "ಹೌದು. ಒಂದು. ಸೋಮವಾರ ಕಾಣ್ತೈತಿ."

ನನಗೆ ಗಾಬರಿಯಾಯಿತು. ಯಾವುದೋ ತಟ್ಟು ಜಡ್ಡಾಗಿದೆ, ನನ್ನ ಗೋಳು ಬರೆಯುವ ಭರದಲ್ಲಿ ನಾನು ನೋಡಿಯೇ ಇಲ್ಲ! ಓಡಿಹೋಗಿ ಎಣಿಸಿದೆ. ಹನ್ನೊಂದೂ ಒಂದೇ ಕಡೆ ಹುಲ್ಲು ಕಡಿಯುತ್ತ ನಿಂತಿದ್ದವು. ಮತ್ತೆ ಎಣಿಸಿದೆ, ಹನ್ನೊಂದು. ಹಾಗಾದರೆ ಇದು ಹನ್ನೆರಡನೆಯದು, ಯಾರೋ ಹೊಸದಾಗಿ ತಂದು ಬಿಟ್ಟದ್ದು ಎಂದುಕೊಂಡೆ. ನೀರಿನ ಅಂಚು ಹಿಡಿದು ಹೊರಟೆ. ಮುಳುಗಿ ಎದ್ದ ಹೊಲಗಳ ಬದು ದಾಟಿದೆ, ಜಾಲಿಕಂಟಿಗಳಲ್ಲಿ ಹೊಕ್ಕು ನೋಡಿದೆ. ಕುದುರೆಗಳು ಹಿಂದೆ ಚುಕ್ಕೆಯಷ್ಟಾದವು. ಸುತ್ತ ಒಂದು ಜೀವ ಇಲ್ಲ. ಬಿಸಿಲಲ್ಲಿ ಒಬ್ಬನೇ ನಿಂತು, ದೂರ ನಿಂತ ಆ ಒಂದು ಪ್ರಾಣಿ ಎಲ್ಲಿ ಹೋಯಿತು ಎಂದು ಹಣೆಗೆ ಕೈ ಹಚ್ಚಿ ಹುಡುಕುತ್ತಿದ್ದೆ. ನಾಲ್ಕನೆಯ ಇಯತ್ತೆಯ ಬುದ್ಧಿ ಎಷ್ಟಾದರೂ ಅಷ್ಟೇ.

ಟರ್ರರ್.

ಎದುರಿಗೆ ಕುಳಿತವರ ಮಾತು ಕೇಳದ ಕಿವಿ ನನ್ನದು ಎಂದು ಹೇಳಿದೆನಲ್ಲ. ಅಷ್ಟು ದೂರದಿಂದ ಅದು ಕೇಳಿತು. ತಿರುಗಿ ನೋಡಿದೆ. ಗುಡಿಸಲಿನ ಹತ್ತಿರ ಸೈಕಲ್ ಸ್ಟ್ಯಾಂಡ್ ಹಾಕಿ, ಕೋಲು ಹಿಡಿದು ಅಣ್ಣ ನಿಂತಿದ್ದ. ಗುರುವಾರದ ಮನುಷ್ಯ, ಸೋಮವಾರ ಬಂದಿದ್ದ. ಎಂಟು ದಿನದೊಳಗೆ ಮತ್ತೆ ಬಂದು ನೋಡಬೇಕು ಎಂಬ ನಿಯಮ ನನಗೆ ಆಗ ನೆನಪಾಯಿತು. ಕುದುರೆಗಳಿಗಿಂತ ಮೊದಲು ನಾನೇ ಓಡಿದೆ.

ಹತ್ತಿರ ಹೋದ ಮೇಲೆ ಅಣ್ಣ ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದ. "ಕಣ್ಣ ಕೆಂಪಗ ಅದಾವ" ಎಂದ. "ಪಕ್ಕೆಲಬ ಕಾಣಾಕತ್ತಾವ. ಏನ ತಿನ್ನತೀಲೇ ಅಲ್ಲೆ, ಒಬ್ಬನ ಕುಂತು?" ಎಂಟು ತಿಂಗಳ ಮೇಲೆ ಕೇಳಿದ ಮಾತು. ಅವನು ಚೀಲದಿಂದ ರೊಟ್ಟಿಯ ಗಂಟು ತೆಗೆದು ನೆರಳಿಗೆ ಕುಳಿತ. ನಾನೂ ಹತ್ತಿರ ಕುಳಿತೆ. "ಅಣ್ಣಾ, ಇನ್ನ ಮ್ಯಾಲೆ ನಿನ್ನ ಮುಂದ ಒಂದ ಸುಳ್ಳ ಹೇಳೂದಿಲ್ಲ" ಎಂದೆ. ಅವನು ರೊಟ್ಟಿ ಮುರಿಯುತ್ತ ಕೇಳಿದ, "ಕಿಸೇದಾಗ ಏನೈತಿ?"

"ಏನೂ ಇಲ್ಲಣ್ಣಾ" ಎಂದೆ.

ಮಾಮಲೇದಾರ ಆಗಲೇ ನಮ್ಮ ಕಡೆಗೆ ಹೊರಟಿತ್ತು.